ಕಾಳುವಿನ ಹಿಂಗಾಲಿಗೆ ಬಲ ತಂದವರಿಗೆ

ನಮ್ಮ ಲ್ಯಾಬ್ರಡಾರ್ ಕಾಳು ಈಗ ಯಾರೂ ಎತ್ತಿಕೊಳ್ಳದೆ ತಾನೇ ಜಗಲಿ ಮೆಟ್ಟಿಲು ಹತ್ತುತ್ತಿದ್ದಾನೆ. ಮಳೆಗಾಲವಿಡೀ ಕಾರವಾರದ ಕೋಡಿಬಾಗದ ನಮ್ಮ ಓಣಿಯಲ್ಲಿ ಸಿಕ್ಕವರೆಲ್ಲ ಅವನನ್ನು ವಿಚಾರಿಸಿದಿರಿ. ಎಲ್ಲರಿಗೂ ಕೈಮುಗಿದು ಈ ನಾಲ್ಕು ಮಾತು.

ಮೊದಲ ನಮಸ್ಕಾರ ಮೀನು ತರುವ ಅಕ್ಕನಿಗೆ. ಕಾಳು ಇನ್ನೂ ಕುಂಟಲು ಶುರು ಮಾಡಿರಲಿಲ್ಲ, ಆಗಲೇ ಅವರು ಬುಟ್ಟಿ ಇಳಿಸುತ್ತಾ, "ತಂಗೀ, ಇವ್ನು ಏಳುವಾಗ ಮುಂಗಾಲಲ್ಲೇ ಮೈ ಎಳ್ಕೊಳ್ತಾನೆ ನೋಡು, ಹಿಂದೆ ಬಲ ಇಲ್ಲ" ಅಂದರು. ಆಮೇಲೆ ನಮಗೂ ಒಂದೊಂದೇ ಕಾಣತೊಡಗಿತು. ಮಲಗಿ ಎದ್ದಾಗ ಕಾಲು ಬಿಗಿ, ಸ್ವಲ್ಪ ನಡೆದರೆ ಸಡಿಲ. ಓಡುವಾಗ ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಕುಪ್ಪಳಿಸುತ್ತಿದ್ದ. ತೊಡೆ ಸೊರಗಿತ್ತು. ಇಷ್ಟೆಲ್ಲ ಆದರೂ ಒಮ್ಮೆಯೂ ಕುಂಯ್ ಅನ್ನಲಿಲ್ಲ. ನೋವಿದ್ದರೂ ಎಷ್ಟೋ ನಾಯಿಗಳು ಕೂಗುವುದಿಲ್ಲ, ನಡಿಗೆ ಬದಲಿಸಿಕೊಳ್ಳುತ್ತವೆ. "ವಯಸ್ಸಾಯ್ತು, ಬಿಡಿ" ಎಂಬ ಮಾತು ನನಗೆ ಸಿಟ್ಟು ತರಿಸುವುದು ಅದಕ್ಕೇ.

ಪಶುವೈದ್ಯರ ಋಣ ದೊಡ್ಡದು. ಅವಸರ ಮಾಡದೆ ಒಂದೊಂದು ಕೀಲನ್ನೂ ಮಡಚಿ, ಬಿಡಿಸಿ ನೋಡಿದರು. ಉಣ್ಣಿ ಕಚ್ಚಿ ಬರುವ ಜ್ವರದಲ್ಲೂ ಕೀಲು ನೋವು, ಕುಂಟು ಬರುತ್ತದೆಂದು ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಮಂಪರು ಬರುವ ಮದ್ದು ಕೊಟ್ಟು ಎಕ್ಸ್‌ರೇ. ತೊಡೆಮೂಳೆಯ ಗುಂಡು ಸೊಂಟದ ಕುಳಿಯಲ್ಲಿ ಸರಿಯಾಗಿ ಕೂತಿರಲಿಲ್ಲ, ಕೀಲು ಸವೆದಿತ್ತು. ಹಿಪ್ ಡಿಸ್ಪ್ಲೇಸಿಯಾ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸಾಮಾನ್ಯ, ವಂಶದಿಂದ ಬರುವಂಥದ್ದು. "ಪೂರ್ತಿ ಗುಣ ಆಗೋದಿಲ್ಲ, ಆದರೆ ನೋವು ಕಡಿಮೆ ಮಾಡಿ ಚೆನ್ನಾಗಿ ಇಟ್ಕೊಳ್ಬಹುದು" ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದೇ ನಮಗೆ ಧೈರ್ಯ ಕೊಟ್ಟಿತು.

ಅವರು ಮೊದಲು ಹೇಳಿದ್ದು ತೂಕ ಇಳಿಸಲು. ಹಾಗಾಗಿ ನಮ್ಮ ಅತ್ತೆಗೆ ವಿಶೇಷ ವಂದನೆ. ದೋಸೆ ಹುಯ್ಯುವಾಗ ಪಕ್ಕದಲ್ಲೇ ಕೂತು ಮುಖ ನೋಡುವ ನಾಯಿಗೆ ಒಂದು ಚೂರೂ ಹಾಕದಿರುವುದು ಸಣ್ಣ ಕೆಲಸವಲ್ಲ. ಅವರು ಮನಸ್ಸು ಗಟ್ಟಿ ಮಾಡಿದ್ದರಿಂದಲೇ ಅವನ ಪಕ್ಕೆಲುಬು ಈಗ ಕೈಗೆ ಸಿಗುತ್ತಿದೆ.

ಕಾಳುವಿಗೆಂದು ಮನುಷ್ಯರು ನುಂಗುವ ನೋವಿನ ಮಾತ್ರೆ ಕೇಳಿದ ನೆಂಟರಿಗೆ ಖಡಾಖಂಡಿತ ಇಲ್ಲವೆಂದ ಮೆಡಿಕಲ್ ಶಾಪಿನ ಹುಡುಗನಿಗೂ ಧನ್ಯವಾದ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನೇ ಕೆಡಿಸಬಹುದು. ನೋವಿನ ಔಷಧಿ ಏನಿದ್ದರೂ ಪಶುವೈದ್ಯರು ಬರೆದದ್ದು, ಅವರು ಹೇಳಿದ ಅಳತೆಯಲ್ಲೇ.

ಜಾರುವ ಟೈಲ್ಸಿನ ಮೇಲೆ ಹಾಸಲು ನಾರಿನ ಚಾಪೆ ಕೊಟ್ಟ ಪಕ್ಕದ ಮನೆಯವರನ್ನೂ, ಕಡಲ ದಂಡೆಯಲ್ಲಿ ಅವನಿಗೆ ಚೆಂಡೆಸೆಯುವುದನ್ನು ನಿಲ್ಲಿಸಿದ ಮಕ್ಕಳನ್ನೂ ಮರೆಯಲಾರೆ. ಈಗ ದಿನಾ ಅಲೆ ಸರಿದ ಗಟ್ಟಿ ಮರಳಿನ ಮೇಲೆ, ಹಗ್ಗ ಹಿಡಿದು, ನಿಧಾನಕ್ಕೆ ಸ್ವಲ್ಪ ದೂರ ನಡೆಸುತ್ತೇವೆ.

ಓಣಿಗೆ ಹೊಸದಾಗಿ ಲ್ಯಾಬ್ರಡಾರ್ ಮರಿ ತಂದವರೇ, ಡಾಕ್ಟರನ್ನು ಕೇಳದೆ ಕ್ಯಾಲ್ಸಿಯಂ ಹಾಕಬೇಡಿ, ತಿನ್ನಿಸಿ ದಪ್ಪ ಮಾಡಬೇಡಿ. ಬೆಳೆಯುವ ಮೂಳೆಗೆ ಎರಡೂ ಕೆಟ್ಟದ್ದು. ಕಾಳುವನ್ನು ನೋಡಲು ಯಾವಾಗ ಬೇಕಾದರೂ ಬನ್ನಿ. ಬಿಸ್ಕತ್ತು ಮಾತ್ರ ಬೇಡ, ಒಂದು ಸೌತೆಕಾಯಿ ತನ್ನಿ, ಅವನಿಗೆ ಬಲು ಇಷ್ಟ.