ಯೂನಿಯನ್ ಕಾರ್ಡಿಗೆ ಸಹಿ ಹಾಕುವ ವಿಚಾರವಾಗಿ ಅಪ್ಪನಿಗೆ

ಶಿಕಾಗೊ
ಜನವರಿ 2026

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಪತ್ರ ತಲುಪಿತು. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ಓದಿ ಸಮಾಧಾನವಾಯಿತು. ಅದೊಂದು ಸಾಲು ಬಿಟ್ಟರೆ ಉಳಿದ ಪತ್ರವನ್ನೆಲ್ಲ ನೀವು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೀರಿ. ನಾನು ಪೈಲಟ್ ಆಗಿರುವ ಈ ವಿಮಾನ ಕಂಪನಿಯಲ್ಲಿ ಕೆಲವು ಪೈಲಟ್‌ಗಳು ಯೂನಿಯನ್ ತರಲು ಓಡಾಡುತ್ತಿದ್ದಾರೆ, ಯೂನಿಯನ್ ಬೇಕೆಂದು ಹೇಳುವ ಕಾರ್ಡನ್ನು ಅವರು ಕೊಟ್ಟರೆ ನಾನು ಅದಕ್ಕೆ ಸಹಿ ಹಾಕಬಾರದು ಎಂಬುದು ನಿಮ್ಮ ಅಭಿಪ್ರಾಯ. ಫೋನಿನಲ್ಲಿ ಈ ಮಾತು ಬಂದಾಗಲೆಲ್ಲ ನಮ್ಮಿಬ್ಬರ ದನಿಯೂ ಏರುವುದರಿಂದ, ನನ್ನ ಯೋಚನೆಯನ್ನು ಕಾಗದದಲ್ಲೇ ನಿಧಾನವಾಗಿ ಹೇಳುತ್ತೇನೆ. ನೀವೂ ನಿಧಾನವಾಗಿಯೇ ಓದಿ.

ನಿಮ್ಮ ಭಯ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತು. 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಸಂಬಳ ಬೇಕೆಂದು ಸಾರಿಗೆ ನೌಕರರು ಎರಡು ವಾರ ಮುಷ್ಕರ ಹೂಡಿದಾಗ ಎಷ್ಟೋ ಜನರ ವಜಾ, ಅಮಾನತು, ವರ್ಗಾವಣೆ ಆದದ್ದನ್ನು ನೀವು ದಿನವೂ ಪತ್ರಿಕೆಯಲ್ಲಿ ಓದಿ ಸಂಕಟಪಟ್ಟವರು. ಬಸ್ಸಿನ ಚಕ್ರ ಹಿಡಿದು ಬದುಕು ಸವೆಸಿದ ನಿಮಗೆ, ಒಳ್ಳೆಯ ಸಂಬಳ ಬರುತ್ತಿರುವ ಮಗಳು ಆ ಗೊಡವೆಗೆ ಯಾಕೆ ಹೋಗಬೇಕು ಎನ್ನಿಸುವುದು ಸಹಜ. ಆದರೆ ನೀವು ಇಲ್ಲಿಯ ಕೆಲಸವನ್ನು ಅಲ್ಲಿಯ ಕೆಲಸದ ಹಾಗೆಯೇ ಊಹಿಸಿಕೊಂಡಿದ್ದೀರಿ. ನಿಮ್ಮ ಮೇಲೆ ಒಂದು ದೂರು ಬಂದರೆ ಚಾರ್ಜ್‌ಶೀಟ್ ಕೊಡಬೇಕಿತ್ತು, ಉತ್ತರಕ್ಕೆ ಸಮಯ ಕೊಡಬೇಕಿತ್ತು, ವಿಚಾರಣೆ ನಡೆಸಬೇಕಿತ್ತು. ಡಿಪೊ ಮ್ಯಾನೇಜರ್‌ಗೆ ನಿಮ್ಮ ಮುಖ ಕಂಡರಾಗದಿದ್ದರೂ ಅವರು ಆ ದಾರಿಯಲ್ಲೇ ಬರಬೇಕಿತ್ತು. ಅಮೆರಿಕದಲ್ಲಿ ಖಾಸಗಿ ನೌಕರನಿಗೆ ಸಾಮಾನ್ಯವಾಗಿ ಆ ರಕ್ಷಣೆ ಇಲ್ಲ. ಜನಾಂಗ, ವರ್ಣ, ಲಿಂಗದಂಥ ಕೆಲವು ಕಾರಣಗಳಿಗಾಗಿ ತೆಗೆಯಬಾರದು ಎಂಬ ನಿಷೇಧಗಳನ್ನು ಬಿಟ್ಟರೆ, ಕಾರಣ ಹೇಳದೆ ನಾಳೆಯಿಂದ ಬರಬೇಡ ಎನ್ನಲು ಮಾಲೀಕನಿಗೆ ಅಡ್ಡಿಯಿಲ್ಲ. ‘ತಕ್ಕ ಕಾರಣವಿಲ್ಲದೆ ಶಿಕ್ಷಿಸುವಂತಿಲ್ಲ’ ಎಂಬ ಸಾಲು ಇಲ್ಲಿ ಬರುವುದು ಯೂನಿಯನ್ ಮಾಡಿಕೊಂಡ ಒಪ್ಪಂದದಲ್ಲಿ. ನೀವು ಕೆಲಸಕ್ಕೆ ಸೇರಿದ ದಿನವೇ ನಿಮಗೆ ಸಿಕ್ಕಿದ್ದನ್ನು ನಾವು ಕಾರ್ಡಿಗೆ ಸಹಿ ಹಾಕಿ ಕೇಳಬೇಕಾಗಿದೆ.

ಇನ್ನು ಆ ಕಾರ್ಡಿನ ವಿಷಯ. ವಿಮಾನ ಕಂಪನಿಗಳ ಕಾರ್ಮಿಕ ಸಂಬಂಧಗಳನ್ನು ಇಲ್ಲಿ ನೋಡಿಕೊಳ್ಳುವುದು ರೈಲ್ವೆಗಾಗಿ 1926ರಲ್ಲಿ ಮಾಡಿದ ಕಾನೂನು; 1936ರಲ್ಲಿ ಅದನ್ನು ವಿಮಾನಗಳಿಗೂ ವಿಸ್ತರಿಸಿದರು. ಅದರ ಪ್ರಕಾರ ಒಂದು ಕಂಪನಿಯ ಪೈಲಟ್‌ಗಳೆಲ್ಲ, ಅವರು ಯಾವ ಊರಿನಲ್ಲಿರಲಿ, ಒಂದೇ ಗುಂಪು. ಅವರಲ್ಲಿ ಕನಿಷ್ಠ ಅರ್ಧದಷ್ಟು ಜನ ಕಾರ್ಡಿಗೆ ಸಹಿ ಹಾಕಿದರೆ ಕೇಂದ್ರ ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಗುಪ್ತ ಮತದಾನ ನಡೆಸುತ್ತದೆ. ಕಾರ್ಡುಗಳು ಹೋಗುವುದು ಮಂಡಳಿಗೆ. ಯಾರು ಸಹಿ ಹಾಕಿದರೆಂದು ಕಂಪನಿಗೆ ತೋರಿಸುವುದಿಲ್ಲ. ‘ಹೆಸರು ಗೊತ್ತಾದರೆ ಮೊದಲು ನಿನ್ನನ್ನೇ ಹಿಡಿಯುತ್ತಾರೆ’ ಎಂದು ನೀವು ಬರೆದಿದ್ದೀರಲ್ಲ, ಅದಕ್ಕಾಗಿ ಇಷ್ಟು ಹೇಳಿದೆ.

ಮುಷ್ಕರವಂತೂ ನೀವು ಅಂದುಕೊಂಡಷ್ಟು ಹತ್ತಿರದಲ್ಲಿಲ್ಲ. ಈ ಕಾನೂನಿನಡಿ ಒಪ್ಪಂದದ ಅವಧಿ ಮುಗಿದರೂ ಒಪ್ಪಂದ ಸಾಯುವುದಿಲ್ಲ. ಹೊಸದು ಬರುವವರೆಗೆ ಹಳೆಯದೇ ನಡೆಯುತ್ತದೆ. ಮಾತುಕತೆ ಮುರಿದರೆ ಮಂಡಳಿಯ ಮಧ್ಯಸ್ಥಿಕೆ, ಅದಕ್ಕೆ ಇಂತಿಷ್ಟೇ ದಿನ ಎಂಬ ಗಡುವಿಲ್ಲ. ಇನ್ನು ನಮ್ಮಿಂದಾಗದು ಎಂದು ಮಂಡಳಿ ಕೈಚೆಲ್ಲಿದ ಮೇಲೆ 30 ದಿನ ಸುಮ್ಮನಿರಬೇಕು, ಆಮೇಲೂ ಅಮೆರಿಕದ ಅಧ್ಯಕ್ಷರು ತುರ್ತು ಸಮಿತಿ ನೇಮಿಸಬಹುದು, ಕಡೆಗೆ ಸಂಸತ್ತೇ ಕೈಹಾಕಬಹುದು. 2022ರ ಡಿಸೆಂಬರ್‌ನಲ್ಲಿ ಇದೇ ಕಾನೂನಿನಡಿ ಬರುವ ರೈಲ್ವೆ ನೌಕರರ ಮೇಲೆ, ಅವರ ಕೆಲವು ಯೂನಿಯನ್‌ಗಳು ತಿರಸ್ಕರಿಸಿದ್ದ ಒಪ್ಪಂದವನ್ನೇ ಸಂಸತ್ತು ಹೇರಿತು. ಅಡ್ಡದಾರಿ ಹಿಡಿದವರಿಗೂ ಬಿಸಿ ಮುಟ್ಟಿದೆ: 1999ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಒಟ್ಟಾಗಿ ‘ಅನಾರೋಗ್ಯ’ ಹೇಳಿ ಮನೆಯಲ್ಲಿ ಕುಳಿತಾಗ ನ್ಯಾಯಾಲಯ ಅವರ ಯೂನಿಯನ್ನಿಗೆ ಸುಮಾರು 4.5 ಕೋಟಿ ಡಾಲರ್ ದಂಡ ಹಾಕಿತು. 2010ರಲ್ಲಿ ಸ್ಪಿರಿಟ್ ಕಂಪನಿಯ ಪೈಲಟ್‌ಗಳು ಐದು ದಿನ ಮುಷ್ಕರ ಮಾಡಿದ್ದನ್ನು ಇಲ್ಲಿ ಈಗಲೂ ದೊಡ್ಡ ಘಟನೆಯೆಂಬಂತೆ ನೆನೆಯುತ್ತಾರೆ. ಮುಷ್ಕರ ಇಲ್ಲಿ ಎಷ್ಟು ಅಪರೂಪ ಎಂಬುದನ್ನು ಅದರಿಂದಲೇ ಊಹಿಸಬಹುದು.

ಸೋತ ಕಥೆಗಳನ್ನೂ ಮುಚ್ಚಿಡುವುದಿಲ್ಲ. 1983ರಲ್ಲಿ ಫ್ರ್ಯಾಂಕ್ ಲೊರೆಂಜೊ ಎಂಬ ಮಾಲೀಕ ಕಾಂಟಿನೆಂಟಲ್ ಕಂಪನಿಯನ್ನು ದಿವಾಳಿ ನ್ಯಾಯಾಲಯಕ್ಕೆ ಒಯ್ದು, ಒಪ್ಪಂದಗಳನ್ನು ಹರಿದುಹಾಕಿ, ಸಂಬಳವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿದ. ಪೈಲಟ್‌ಗಳು 1985ರವರೆಗೆ ಮುಷ್ಕರ ನಡೆಸಿ ಸೋತರು. ಅದೇ ಮಾಲೀಕನ ಕೈಗೆ ಬಂದ ಈಸ್ಟರ್ನ್ ಕಂಪನಿಯಲ್ಲಿ 1989ರಲ್ಲಿ ಮೆಕ್ಯಾನಿಕ್‌ಗಳ ಜೊತೆ ಪೈಲಟ್‌ಗಳೂ ಹೊರಬಂದರು. 1991ರ ಜನವರಿಯಲ್ಲಿ ಆ ಕಂಪನಿಯೇ ಮುಚ್ಚಿಹೋಯಿತು. ಯೂನಿಯನ್ ಇದ್ದರೆ ಎಲ್ಲವೂ ಉಳಿಯುತ್ತದೆ ಎಂದು ನನಗೆ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಆದರೂ ನನ್ನ ಮನಸ್ಸು ಸಹಿಯ ಕಡೆಗೆ ವಾಲಿರುವುದು ಸಂಬಳಕ್ಕಾಗಿ ಅಲ್ಲ, ನಿದ್ದೆಗಾಗಿ. 2009ರ ಫೆಬ್ರವರಿಯಲ್ಲಿ ಬಫಲೊ ನಗರದ ಹತ್ತಿರ ಕಾಲ್ಗನ್ ಕಂಪನಿಯ ಒಂದು ವಿಮಾನ ಬಿದ್ದು, ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಸತ್ತರು. ವಿಮಾನದ ವೇಗ ತೀರ ಇಳಿದು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಅಪಘಾತಕ್ಕೆ ಕಾರಣ ಎಂದು ತನಿಖೆ ಹೇಳಿತು; ಆದರೆ ಅದರ ಜೊತೆಗೆ ಹೊರಬಂದ ಸಂಗತಿಗಳು ದೇಶವನ್ನೇ ಬೆಚ್ಚಿಬೀಳಿಸಿದವು. ಅದರ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್, ಆಗಿದ್ದ ಯುವತಿ ಸಿಯಾಟಲ್‌ನ ಮನೆಯಿಂದ ಇಡೀ ರಾತ್ರಿ ಪ್ರಯಾಣ ಮಾಡಿ ನ್ಯೂವಾರ್ಕಿಗೆ ಬಂದು ಡ್ಯೂಟಿಗೆ ಹತ್ತಿದ್ದಳು, ಅವಳ ಸಂಬಳ ಡ್ಯೂಟಿಯ ಊರಿನಲ್ಲಿ ಒಂದು ಕೋಣೆ ಹಿಡಿಯಲೂ ಸಾಲುವಂತಿರಲಿಲ್ಲ. ಸತ್ತವರ ಕುಟುಂಬಗಳು ಬೆನ್ನು ಬಿಡದೆ ಓಡಾಡಿದ್ದರಿಂದ, ಪೈಲಟ್‌ಗಳ ಯೂನಿಯನ್‌ಗಳು ಮೊದಲಿನಿಂದಲೂ ಕೇಳುತ್ತ ಬಂದಿದ್ದರಿಂದ, ವಿಶ್ರಾಂತಿಯ ಹೊಸ ನಿಯಮಗಳು 2014ರ ಜನವರಿಯಲ್ಲಿ ಜಾರಿಗೆ ಬಂದವು. ಎರಡು ಡ್ಯೂಟಿಗಳ ನಡುವೆ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ಅಡೆತಡೆಯಿಲ್ಲದೆ ಮಲಗಲು ಅವಕಾಶ. ಸರಕು ವಿಮಾನಗಳನ್ನು ಮಾತ್ರ ಇದರಿಂದ ಹೊರಗಿಟ್ಟರು. ಪೆಟ್ಟಿಗೆಗಳನ್ನು ಒಯ್ಯುವ ಪೈಲಟ್‌ಗೆ ನಿದ್ದೆ ಬರುವುದಿಲ್ಲವೇನೋ!

ಈ ನಿಯಮದಲ್ಲಿ ಒಂದು ಷರತ್ತಿದೆ. ಪ್ರತಿ ಹಾರಾಟಕ್ಕೆ ಮೊದಲು ‘ನಾನು ಡ್ಯೂಟಿಗೆ ಯೋಗ್ಯ ಸ್ಥಿತಿಯಲ್ಲಿದ್ದೇನೆ’ ಎಂದು ನಾವೇ ದೃಢೀಕರಿಸಬೇಕು. ದಣಿದಿದ್ದರೆ ಇಲ್ಲ ಎನ್ನಬೇಕು. ಡ್ಯೂಟಿಯ ಮಿತಿ ಮೀರುವಂತಾದರೆ ಕಂಪನಿ ಎರಡು ಗಂಟೆಯವರೆಗೆ ವಿಸ್ತರಿಸಬಹುದು, ಆದರೆ ಕ್ಯಾಪ್ಟನ್ ಒಪ್ಪಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ನಿಯಮ ಬೇರೆ ಬೇಕಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಇಲ್ಲಿ ಹಿಮ ಸುರಿಯುತ್ತಿತ್ತು. ರೆಕ್ಕೆಗಳ ಮೇಲಿನ ಮಂಜುಗಡ್ಡೆಯನ್ನು ಬಿಸಿ ದ್ರಾವಣ ಸಿಂಪಡಿಸಿ ತೆಗೆಯುವ ಸಾಲಿನಲ್ಲಿ ನಮ್ಮ ವಿಮಾನ ನಿಂತೇ ಇತ್ತು. ಬೆಳಗಿನ ಜಾವ ಎದ್ದು ಬಂದವರು ನಾವು. ಡ್ಯೂಟಿ ಹಂಚುವ ಶೆಡ್ಯೂಲಿಂಗ್ ವಿಭಾಗದಿಂದ ಕರೆ ಬಂತು, ವಿಸ್ತರಣೆಗೆ ಒಪ್ಪಿಗೆಯೇ ಎಂದು. ನನ್ನ ಕ್ಯಾಪ್ಟನ್ ಒಮ್ಮೆ ನನ್ನ ಕಡೆ ತಿರುಗಿ ನೋಡಿದರು, ನಾನು ಬೇಡವೆಂದು ತಲೆಯಾಡಿಸಿದೆ, ಅವರು ‘ಇಬ್ಬರೂ ದಣಿದಿದ್ದೇವೆ, ಸಾಧ್ಯವಿಲ್ಲ’ ಎಂದರು. ಆ ಕಡೆಯಿಂದ ಒಂದು ಕ್ಷಣದ ಮೌನ, ಆಮೇಲೆ ಬಹಳ ಮರ್ಯಾದೆಯ ದನಿಯಲ್ಲಿ, ‘ಸರಿ ಕ್ಯಾಪ್ಟನ್, ಹಾಗೆಂದು ಬರೆದುಕೊಳ್ಳುತ್ತೇನೆ’ ಎಂಬ ಉತ್ತರ. ವಾರದೊಳಗೆ, ಪೈಲಟ್‌ಗಳ ಮೇಲಧಿಕಾರಿಯಾದ ಚೀಫ್ ಪೈಲಟ್ ನಮ್ಮ ಕ್ಯಾಪ್ಟನ್‌ರನ್ನು ಕರೆಸಿಕೊಂಡರು. ಶಿಕ್ಷೆ ಏನೂ ಆಗಲಿಲ್ಲ. ಹಿಂದಿನ ಹಲವು ತಿಂಗಳ ರಜೆ, ಅನಾರೋಗ್ಯ, ದಣಿವಿನ ದಾಖಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಕಂಪನಿಯ ಬಗ್ಗೆ ನಿಮ್ಮ ನಿಷ್ಠೆ ಹೇಗಿದೆ ಎಂದು ಮುಕ್ಕಾಲು ಗಂಟೆ ಕೇಳಿದರಂತೆ. ಆ ಕೋಣೆಯಲ್ಲಿ ಕ್ಯಾಪ್ಟನ್ ಪರವಾಗಿ ಬೇರೆ ಯಾರೂ ಇರಲಿಲ್ಲ. ಯೂನಿಯನ್ ಇರುವ ಕಂಪನಿಗಳಲ್ಲಿ ಇಂಥ ಕರೆ ಬಂದರೆ ಪ್ರತಿನಿಧಿಯನ್ನು ಜೊತೆಗೆ ಕರೆದುಕೊಂಡು ಹೋಗುವುದು ಸಾಮಾನ್ಯ. ಪ್ರತಿನಿಧಿ ಏನೂ ಮಾತಾಡದೆ ಕುಳಿತು ಬರೆದುಕೊಂಡರೂ ಸಾಕು, ಎದುರಿನವರ ಪ್ರಶ್ನೆಗಳು ಬದಲಾಗುತ್ತವೆ. ಮುಂದಿನ ಸಲ ಹಿಮ ಬಿದ್ದ ರಾತ್ರಿ ಆ ಕ್ಯಾಪ್ಟನ್ ಏನು ಉತ್ತರ ಕೊಡುತ್ತಾರೆ ಎಂಬುದು ನಮ್ಮ ಹಿಂದೆ ಕುಳಿತ ಎಪ್ಪತ್ತು ಜನರ ಪ್ರಶ್ನೆಯೂ ಹೌದು.

ಇಷ್ಟವಿಲ್ಲದಿದ್ದರೆ ಬೇರೆ ಕಂಪನಿಗೆ ಹೋಗು ಎಂದು ನೀವು ಹೇಳುತ್ತೀರಿ. ಇಂಜಿನಿಯರ್ ಆಗಿರುವ ತಮ್ಮನಿಗೆ ಅದು ಸುಲಭ. ಅವನು ಕಂಪನಿ ಬದಲಿಸಿದಾಗಲೆಲ್ಲ ಸಂಬಳ ಏರುತ್ತದೆ. ಪೈಲಟ್‌ಗೆ ಹಾಗಲ್ಲ. ನಮ್ಮ ಬದುಕೆಲ್ಲ ಸೀನಿಯಾರಿಟಿ ಪಟ್ಟಿಯ ಮೇಲೆ ನಿಂತಿದೆ: ಯಾವ ವಿಮಾನ, ಯಾವ ಊರು, ದೀಪಾವಳಿಗೆ ರಜೆ ಸಿಗುತ್ತದೋ ಇಲ್ಲವೋ, ಕ್ಯಾಪ್ಟನ್ ಆಗುವುದು ಯಾವಾಗ, ಕೆಲಸ ಕಡಿತವಾದರೆ ಮೊದಲು ಹೋಗುವವರು ಯಾರು, ಎಲ್ಲವೂ. ಕಂಪನಿ ಬದಲಿಸಿದರೆ ಹದಿನೈದು ವರ್ಷ ಕ್ಯಾಪ್ಟನ್ ಆಗಿದ್ದವರೂ ಹೊಸ ಪಟ್ಟಿಯ ಕಟ್ಟಕಡೆಗೆ ಹೋಗುತ್ತಾರೆ. ನಿಮ್ಮಲ್ಲೂ ಕೋರಿಕೆಯ ಮೇಲೆ ವಿಭಾಗ ಬದಲಿಸಿಕೊಂಡವರು ಸೀನಿಯಾರಿಟಿ ಬಿಟ್ಟುಕೊಡಬೇಕಿತ್ತು ಎಂದು ನೀವೇ ಹೇಳುತ್ತಿದ್ದಿರಿ. ಬಿಟ್ಟುಹೋಗುವ ಬೆದರಿಕೆ ಹಾಕಲಾಗದ ನೌಕರನಿಗೆ ಉಳಿದುಕೊಂಡು ಒಟ್ಟಾಗಿ ಮಾತಾಡುವುದೊಂದೇ ದಾರಿ. ಪೈಲಟ್‌ಗಳಂಥ ಸ್ಥಿತಿವಂತರು ಯೂನಿಯನ್ ಬಿಡದಿರುವುದಕ್ಕೆ ನನಗೆ ಕಾಣುವ ನಿಜವಾದ ಕಾರಣ ಇದೇ.

ಅದೇ ಪಟ್ಟಿ ಯೂನಿಯನ್ನಿನ ದೊಡ್ಡ ಹುಳುಕೂ ಹೌದು. 2001ರಲ್ಲಿ ಟಿಡಬ್ಲ್ಯೂಎ ಕಂಪನಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡುಕೊಂಡಾಗ ಆ ಪೈಲಟ್‌ಗಳಲ್ಲಿ ಬಹಳಷ್ಟು ಜನರನ್ನು ಪಟ್ಟಿಯ ತಳಕ್ಕೆ ಸೇರಿಸಿದರು; ತಮ್ಮ ಯೂನಿಯನ್ನೇ ತಮ್ಮನ್ನು ಕೈಬಿಟ್ಟಿತೆಂದು ಅವರು ಮೊಕದ್ದಮೆ ಹೂಡಿ ಗೆದ್ದರು. 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಒಂದಾದಾಗಲೂ ಎರಡು ಪಟ್ಟಿ ಹೊಂದಿಸಲಾಗದೆ ಪೈಲಟ್‌ಗಳು ಪೈಲಟ್‌ಗಳ ಮೇಲೆಯೇ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಬಹುಮತ ಇದೆ ಎಂದು ಅಲ್ಪಸಂಖ್ಯಾತರನ್ನು ತುಳಿಯುವಂತಿಲ್ಲ, ಯೂನಿಯನ್ ಎಲ್ಲರನ್ನೂ ನ್ಯಾಯವಾಗಿ ಪ್ರತಿನಿಧಿಸಬೇಕು ಎಂದು ಇಲ್ಲಿಯ ಸುಪ್ರೀಂ ಕೋರ್ಟ್ 1944ರಲ್ಲೇ, ಕಪ್ಪು ವರ್ಣದ ರೈಲ್ವೆ ಫೈರ್‌ಮನ್ ಒಬ್ಬರ ಮೊಕದ್ದಮೆಯಲ್ಲಿ ಹೇಳಿದೆ. ಹೇಳಿದ್ದೆಲ್ಲ ನಡೆಯುವುದಿಲ್ಲ. ನಾನು ಈಗ ಪಟ್ಟಿಯ ಕೆಳಭಾಗದಲ್ಲಿರುವವಳು. ಹಳಬರು ತಮಗೆ ಬೇಕಾದದ್ದನ್ನು ಮೊದಲು ಗಿಟ್ಟಿಸಿಕೊಳ್ಳುತ್ತಾರೆ ಎಂಬ ಅನುಮಾನ ನನಗೂ ಇದೆ.

ಹಣದ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಇಲ್ಲಿಯ ಅತಿ ದೊಡ್ಡ ಪೈಲಟ್ ಯೂನಿಯನ್ ಆದಾಯದ ಶೇ. 1.85ರಷ್ಟು ಚಂದಾ ತೆಗೆದುಕೊಳ್ಳುತ್ತದೆ. 2023ರಲ್ಲಿ ಡೆಲ್ಟಾ ಪೈಲಟ್‌ಗಳಿಗೆ ಅದು ತಂದುಕೊಟ್ಟ ಒಪ್ಪಂದದಲ್ಲಿ ನಾಲ್ಕು ವರ್ಷಗಳಲ್ಲಿ ಶೇ. 34ರಷ್ಟು ಏರಿಕೆ ಇತ್ತು. ಆ ವರ್ಷ ಪೈಲಟ್‌ಗಳ ಕೊರತೆಯೂ ಇತ್ತೆನ್ನಿ, ಯಶಸ್ಸೆಲ್ಲ ಯೂನಿಯನ್ನಿನದೇ ಅಲ್ಲ. ಈ ಯೂನಿಯನ್ ಹುಟ್ಟಿದ್ದು ನಾನಿರುವ ಇದೇ ಶಿಕಾಗೊದಲ್ಲಿ, 1931ರಲ್ಲಿ. ಡೇವಿಡ್ ಬೆಂಕಿ ಎಂಬ ಪೈಲಟ್ ಅದರ ಮೊದಲ ಅಧ್ಯಕ್ಷ. ಅವರ ಮೊದಲ ದೊಡ್ಡ ಗೆಲುವು ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಿಸಬಾರದು ಎಂಬ 1934ರ ಸರ್ಕಾರಿ ತೀರ್ಮಾನ. ಆಗಲೂ ಜಗಳ ದಣಿವಿನದೇ ಆಗಿತ್ತು.

ನಮ್ಮ ದೇಶದಲ್ಲಿ ಯೂನಿಯನ್ ಮಾಡಿದ ಪೈಲಟ್‌ಗಳು ಏನಾದರು ನೋಡು ಎಂದು ನೀವು ಬರೆದಿದ್ದೀರಿ. ನೋಡಿದ್ದೇನೆ. 2012ರಲ್ಲಿ ಏರ್ ಇಂಡಿಯಾ ಪೈಲಟ್‌ಗಳು 58 ದಿನ ಮುಷ್ಕರ ಮಾಡಿ, ಅವರ ಸಂಘದ ಮಾನ್ಯತೆಯೇ ಹೋಯಿತು. ಡ್ರೀಮ್‌ಲೈನರ್ ತರಬೇತಿ ಯಾರಿಗೆ ಸಿಗಬೇಕು ಎಂಬ ಪೈಲಟ್‌ಗಳ ಒಳಜಗಳ ಅದರ ಮೂಲ, ಅದನ್ನು ನಾನು ಸಮರ್ಥಿಸುವುದಿಲ್ಲ. ಅದೇ ವರ್ಷ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್‌ನಲ್ಲಿ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಾದು, ಅಕ್ಟೋಬರ್‌ನಲ್ಲಿ ಕಂಪನಿಯ ಲೈಸೆನ್ಸೇ ಅಮಾನತಾದಾಗ ಬರಿಗೈಯಲ್ಲಿ ನಿಂತದ್ದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಇನ್ನು ಕಳೆದ ಡಿಸೆಂಬರ್‌ನಲ್ಲಿ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದು ಮಾಡಿ ಅತ್ತೆಯವರು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ರಾತ್ರಿ ಕಳೆದರಲ್ಲ, ಆಗ ನೀವು ಪೈಲಟ್‌ಗಳನ್ನೇ ಬೈದಿರಿ. ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ, ರಾತ್ರಿ ವೇಳೆ ವಿಮಾನ ಇಳಿಸುವುದನ್ನು ಕಡಿಮೆ ಮಾಡಿದ ಆ ನಿಯಮಗಳು 2024ರ ಜನವರಿಯಲ್ಲೇ ಪ್ರಕಟವಾಗಿದ್ದವು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿನವರೆಗೆ ಹೋದದ್ದರಿಂದ ಅವು ಹಂತಹಂತವಾಗಿ ಜಾರಿಗೆ ಬಂದವು. ಇಷ್ಟು ಕಾಲಾವಕಾಶ ಇದ್ದೂ ಸಾಕಷ್ಟು ಪೈಲಟ್‌ಗಳನ್ನು ಸಿದ್ಧವಾಗಿಟ್ಟುಕೊಳ್ಳದಿದ್ದದ್ದು ಕಂಪನಿಯ ಲೆಕ್ಕಾಚಾರ. ಗದ್ದಲ ಎದ್ದ ಕೂಡಲೇ ಸರ್ಕಾರ ಸಡಿಲಿಸಿದ್ದು ಮಾತ್ರ ನಿದ್ದೆಯ ನಿಯಮವನ್ನು.

ಆದ್ದರಿಂದ ಅಪ್ಪ, ನಾನು ಸಹಿ ಹಾಕಬೇಕೆಂದಿದ್ದೇನೆ. ಮತದಾನ ನಡೆದರೆ ಯೂನಿಯನ್ ಪರವಾಗಿಯೇ ಮತ ಹಾಕುತ್ತೇನೆ. ನಾಯಕರಾಗಲು ಈಗಿನಿಂದಲೇ ಅಂಗಿಯ ತೋಳು ಮಡಚಿಕೊಂಡು ನಿಂತಿರುವ ಇಬ್ಬರ ಮೇಲೆ ನನಗೆ ಅಷ್ಟೇನೂ ವಿಶ್ವಾಸವಿಲ್ಲ, ಆದರೆ ಅವರನ್ನು ಬದಲಿಸಲು ನಮಗೆ ಚುನಾವಣೆ ಇರುತ್ತದೆ. ಚೀಫ್ ಪೈಲಟ್ ಅವರನ್ನು ಬದಲಿಸಲು ಇರುವುದಿಲ್ಲ. ಕಾರ್ಡು ಒಂದು ವರ್ಷ ಮಾತ್ರ ಊರ್ಜಿತ, ಹಾಗಾಗಿ ಯುಗಾದಿಯ ಒಳಗೆ ಸಂಗ್ರಹ ಮುಗಿಸಬೇಕೆಂದು ಕಾರ್ಡು ಹಂಚುತ್ತಿರುವವರ ಲೆಕ್ಕ.

ಒಂದು ವಿಷಯ ಮಾತ್ರ ನಿಮ್ಮಿಂದಲೇ ತಿಳಿಯಬೇಕಾಗಿದೆ. ನಿಮ್ಮ ಡಿಪೊದಲ್ಲಿ ರಾತ್ರಿ ತಂಗುವ ದೂರದ ಶೆಡ್ಯೂಲ್‌ಗಳನ್ನು ಹಂಚುವಾಗ ಹಳಬರಿಗೂ ಹೊಸಬರಿಗೂ ತಕರಾರು ಬರುತ್ತಿತ್ತಲ್ಲ, ಆಗ ಸಂಘದವರು ಯಾರ ಪರ ನಿಲ್ಲುತ್ತಿದ್ದರು, ಹೊಸಬರ ಮಾತು ಕೇಳಿಸಲು ನೀವೆಲ್ಲ ಏನು ಮಾಡಿದಿರಿ? ನಮ್ಮ ಕರಡು ಬೇಡಿಕೆಗಳನ್ನು ಬರೆಯುವ ಗುಂಪಿನಲ್ಲಿ ಕಿರಿಯರ ಪರವಾಗಿ ಕೂರಲು ನನ್ನನ್ನು ಕೇಳಿದ್ದಾರೆ. ನೆನಪಿರುವಷ್ಟನ್ನು ವಿವರವಾಗಿ ಬರೆಯಿರಿ, ಫೋನಿನಲ್ಲಿ ಬೇಡ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಪ್ರೀತಿಯ ಮಗಳು