ಮಗಳಿಗೊಂದು ಪತ್ರ: ಗಿಡದ ಲೆಕ್ಕ, ಎಕರೆಯ ಲೆಕ್ಕ

ಮಾಟುಂಗಾ, ಮುಂಬಯಿ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಧಾರವಾಡದಿಂದ ನೀನು ಬರೆದ ಪತ್ರ ಮೊನ್ನೆ ತಲುಪಿತು. ಹತ್ತಿಯ 60 ಮೊಗ್ಗುಗಳಿಗೆ ಬೇರೆ ತಳಿಯ ಪರಾಗ ಹಚ್ಚಿ ಕ್ರಾಸಿಂಗ್ ಮಾಡಿದರೆ 23 ಕಾಯಿ ಮಾತ್ರ ನಿಂತವು ಎಂದು ಬೇಸರಪಟ್ಟುಕೊಂಡಿದ್ದೀಯ. ನಿಮ್ಮಮ್ಮ ಮರುಗಿದಳು, ನನಗೆ ಮಾತ್ರ ನಿನ್ನ ಅಜ್ಜಿಯ ಹೆಬ್ಬೆರಳ ಉಗುರು ನೆನಪಾಯಿತು.

ರಾಣೆಬೆನ್ನೂರಿನ ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಅಜ್ಜಿ ಎಷ್ಟೋ ಹಂಗಾಮು ಕೂಲಿ ಮಾಡಿದವರು. ಮರುದಿನ ಅರಳಲಿರುವ ಮೊಗ್ಗು ಯಾವುದೆಂದು ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಣ್ಣ ನೋಡಿಯೇ ಗುರುತಿಸಿ, ಬುಡದ ಸುತ್ತ ಉಗುರು ತಿರುಗಿಸಿ, ಎಸಳನ್ನೂ ಕೇಸರದ ಕೊಳವೆಯನ್ನೂ ಒಟ್ಟಿಗೇ ಎಳೆದು ತೆಗೆಯುತ್ತಿದ್ದರು. ಒಳಗಿನ ಎಳೆಯ ಕಾಯಿಗೆ ಗೀರು ಬೀಳುತ್ತಿರಲಿಲ್ಲ. ಗುರುತಿಗೆ ಕೆಂಪು ಕಾಗದ ಸುತ್ತಿ ಬಂದರೆ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು ಪರಾಗ ಸವರುವ ಕೆಲಸ. ನಾನು ಶಾಲೆಗೆ ಹೋಗುವ ಮೊದಲು ಆ ಗಂಡು ಹೂಗಳನ್ನು ಆರಿಸಿ ಬುಟ್ಟಿಗೆ ತುಂಬಿಕೊಡುತ್ತಿದ್ದೆ. ನಿನಗೆ ಕಾಯಿ ನಿಲ್ಲದಿರುವುದಕ್ಕೆ ಕಾರಣ ಬಹುಶಃ ಉಗುರು ಆಳಕ್ಕೆ ಇಳಿದಿರುವುದು, ಇಲ್ಲವೇ ಪರಾಗ ಹಚ್ಚುವುದಕ್ಕೆ ಬಿಸಿಲೇರಿರುವುದು. ಎರಡೂ ಕೈಗೆ ರೂಢಿಯಾಗುವ ಸಂಗತಿಗಳು.

ನಿನ್ನ ನಿಜವಾದ ಪ್ರಶ್ನೆ ಬೇರೆಯದು: ಸಂಶೋಧನೆಗೆ ದೊಡ್ಡ ಕಾಯಿಯ ಹೊಸ ಹೈಬ್ರಿಡ್ ಆರಿಸಿಕೊಳ್ಳಬೇಕೋ, ಅಥವಾ ಗಿಡ್ಡಗೆ ಒತ್ತಾಗಿ ಬೆಳೆದು ಬೇಗ ಮುಗಿಯುವ ಗಿಡವನ್ನೋ. ತಳಿಶಾಸ್ತ್ರ ನಾನು ಓದಿದವನಲ್ಲ. ಇಲ್ಲಿನ ಹತ್ತಿ ಪೇಟೆ ಕಾಟನ್ ಗ್ರೀನ್‌ನಲ್ಲಿ ಅರಳೆಯ ಎಳೆ ಎಳೆದು ನೋಡಿ ದರ್ಜೆ ಹೇಳುವ ಕೆಲಸದಲ್ಲಿ ಆಯುಷ್ಯ ಕಳೆದವನು. ಆದರೂ ಈ ಪ್ರಶ್ನೆಗೆ ನನ್ನಲ್ಲೊಂದು ಉತ್ತರವಿದೆ, ಅದರ ಹಿಂದೆ ನಾನೇ ಮಾಡಿದ ಒಂದು ತಪ್ಪೂ ಇದೆ.

ಹೈಬ್ರಿಡ್ಡನ್ನು ಹಗುರಾಗಿ ಕಾಣಬೇಡ. ಸೂರತ್ತಿನಲ್ಲಿ ಸಿ. ಟಿ. ಪಟೇಲ್ ಅವರು 1970ರಲ್ಲಿ ಹೊರತಂದ ಹೈಬ್ರಿಡ್-4 ವಾಣಿಜ್ಯ ಬೇಸಾಯಕ್ಕೆ ಬಂದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ. ಎರಡೇ ವರ್ಷದಲ್ಲಿ, 1972ರಲ್ಲಿ, ನೀನೀಗ ಓದುತ್ತಿರುವ ಧಾರವಾಡದಲ್ಲೇ ಬಿ. ಎಚ್. ಕಟರಕಿಯವರು ಲಕ್ಷ್ಮಿ ಎಂಬ ಅಮೆರಿಕನ್ ಜಾತಿಯ ತಳಿಗೆ ಉದ್ದ ಎಳೆಯ ಬಾರ್ಬಡೆನ್ಸ್ ಜಾತಿಯ ಎಸ್‌ಬಿ 289ಇ ಎಂಬುದನ್ನು ಕೂಡಿಸಿ ವರಲಕ್ಷ್ಮಿಯನ್ನು ಕೊಟ್ಟರು. ಎರಡು ಬೇರೆ ಜಾತಿಗಳ ಸಂಕರದಿಂದ ಉದ್ದ ಎಳೆಯೂ ಬಂತು, ಇಳುವರಿಯೂ ಬಂತು. ಜಯಧರವೆಂಬ ದೇಸಿ ಹತ್ತಿಯ ಗಿಡ್ಡ ಎಳೆಯನ್ನೇ ಹೆಚ್ಚಾಗಿ ಕಂಡಿದ್ದ ನಮ್ಮ ಎರೆ ಭೂಮಿಯಿಂದ ನಯವಾದ ನೂಲಿಗೆ ಒದಗುವ ಅರಳೆ ಮುಂಬಯಿಗೆ ಬಂದದ್ದು ಆಮೇಲೆ. ವರಲಕ್ಷ್ಮಿಯ ನಂತರ ಬಂದ ಡಿಸಿಎಚ್-32 ಎಂಬ ಹೈಬ್ರಿಡ್ಡಿನ ಎಳೆಯನ್ನು ಬೆರಳ ನಡುವೆ ಹಿಡಿದು ಎಳೆದಾಗ ಆಗುತ್ತಿದ್ದ ಸಂತೋಷವನ್ನು ಈಗಲೂ ಮರೆತಿಲ್ಲ.

ನನ್ನ ತಪ್ಪು ಹುಟ್ಟಿದ್ದು ಆ ಸಂತೋಷದಲ್ಲೇ. ಇಲ್ಲಿ ಉದ್ದ ಎಳೆಗೆ ಸಿಗುತ್ತಿದ್ದ ದರ ನೋಡಿ, ಊರಿಗೆ ಹೋದಾಗಲೆಲ್ಲ ನಿನ್ನ ದೊಡ್ಡಪ್ಪನಿಗೆ ಅದನ್ನೇ ಬಿತ್ತಲು ಹೇಳುತ್ತಿದ್ದೆ. ಬಹಳ ದಿನ ಹೊಲದಲ್ಲಿ ನಿಲ್ಲುವ ಗಿಡಕ್ಕೆ, ಮುಂಗಾರು ಹಿಂದೆಗೆದ ಮೇಲೆ, ಮಳೆಯನ್ನೇ ನಂಬಿದ ಹೊಲದಲ್ಲಿ ತೇವ ಎಲ್ಲಿಂದ ಬರಬೇಕು? ಕಾಯಿ ಬಲಿಯುವ ಹೊತ್ತಿಗೆ ಎಲೆ ಕೆಂಪಾಯಿತು, ಕೊನೆಯ ಬಿಡಿಸುವಿಕೆಯ ಅರಳೆ ಬಲಿಯದೆ ಸತ್ತ ಎಳೆಯಂತಿತ್ತು. ಅಣ್ಣ ನನ್ನನ್ನು ಒಂದು ಮಾತೂ ಆಡಲಿಲ್ಲ; ಆಡಿದ್ದರೆ ಚೆನ್ನಾಗಿತ್ತು.

ಕಾಯಿಕೊರಕ ಹುಳುವಿಗೆ ವಿಷವಾಗುವ ಗುಣವನ್ನು ಗಿಡದೊಳಗೇ ಇಟ್ಟ ಬಿಟಿ ಹತ್ತಿ 2002ರಲ್ಲಿ ಬಂದ ಮೇಲೆ ಕೆಲವು ವರ್ಷ ಎಲ್ಲರ ಹೊಲವೂ ನಕ್ಕದ್ದು ನಿಜ. ಔಷಧಿ ಸಿಂಪಡಿಸುವ ಖರ್ಚು ಇಳಿಯಿತು, ಇಳುವರಿ ಏರಿತು. ಆದರೆ ನಮ್ಮಲ್ಲಿ ಆ ಗುಣವನ್ನು ಹೈಬ್ರಿಡ್ ಬೀಜದೊಳಗಿಟ್ಟೇ ಮಾರಿದರು. ಅಮೆರಿಕ, ಬ್ರೆಜಿಲ್, ಆಸ್ಟ್ರೇಲಿಯಾಗಳಲ್ಲಿ ಅದು ಬಹುಮಟ್ಟಿಗೆ ಸಾದಾ ತಳಿಗಳಲ್ಲೇ ಬಂತು. ಇದರ ಪರಿಣಾಮವನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ಹೈಬ್ರಿಡ್ ಗಿಡದ ಕಾಯಿಯೊಳಗಿನ ಕಾಳುಗಳಲ್ಲಿ ಆ ಗುಣ ಒಡೆದು ಹಂಚಿಹೋಗುತ್ತದೆ, ವಿಷವಿರುವ ಕಾಳಿನ ಪಕ್ಕದಲ್ಲೇ ಇಲ್ಲದ ಕಾಳೂ ಕೂತಿರುತ್ತದೆ, ಕಾಯಿಯೊಳಗೇ ಬದುಕುವ ಗುಲಾಬಿ ಕಾಯಿಕೊರಕ ಅಲ್ಲೇ ಆ ವಿಷವನ್ನು ಅಭ್ಯಾಸ ಮಾಡಿಕೊಳ್ಳುತ್ತದೆ. ಇದರ ಮೇಲೆ ರೈತರು, ನಮ್ಮ ಮನೆಯವರೂ ಸೇರಿ, ಇನ್ನೊಂದು ನೀರು ಕೊಟ್ಟರೆ ಇನ್ನೆರಡು ಕ್ವಿಂಟಲ್ ಸಿಕ್ಕೀತೆಂದು ಬೆಳೆಯನ್ನು ಫೆಬ್ರವರಿಯವರೆಗೂ ಎಳೆದರು. ಹುಳುವಿಗೆ ಊಟ ನಿಲ್ಲಲೇ ಇಲ್ಲ. ಎರಡು ಜೀನುಗಳ ಬಿಟಿಯನ್ನೂ ಅದು ಜೀರ್ಣಿಸಿಕೊಂಡಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೈಬ್ರಿಡ್ ಬೀಜವನ್ನು ವರ್ಷವರ್ಷವೂ ಕೊಳ್ಳಬೇಕು, ಪ್ರತಿ ಕಾಳಿನ ಹಿಂದೆಯೂ ಒಬ್ಬ ಹೆಂಗಸಿನ ಎರಡು ಹೊತ್ತಿನ ದುಡಿಮೆ ಇರುವುದರಿಂದ ಅದು ಅಗ್ಗವಾಗುವಂತಿಲ್ಲ. ಬೀಜ ದುಬಾರಿಯಾದ್ದರಿಂದ ರೈತ ದೂರ ದೂರ ಊರುತ್ತಾನೆ. ದೂರ ಊರಿದ ಗಿಡ ಪೊದೆಯಾಗಿ ಹರಡಿ, ತಿಂಗಳುಗಟ್ಟಲೆ ಹೂ ಬಿಡುತ್ತದೆ. 90 ಸೆಂ.ಮೀ. ಸಾಲಿನಲ್ಲಿ 60 ಸೆಂ.ಮೀ.ಗೊಂದು ಗಿಡವಾದರೆ ಎಕರೆಗೆ ಸುಮಾರು 7,500 ಗಿಡ, 15 ಸೆಂ.ಮೀ.ಗೊಂದಾದರೆ 30,000. ಮೊದಲನೆಯದರಲ್ಲಿ ಗಿಡಕ್ಕೆ 30 ಕಾಯಿ ಬೇಕು, ಎರಡನೆಯದರಲ್ಲಿ 8 ಸಾಕು. ನಾಲ್ಕು ಗ್ರಾಂ ತೂಗುವ ಕಾಯಿಯಾದರೆ ಎರಡರಲ್ಲೂ ಎಕರೆಗೆ ಒಂಬತ್ತು, ಒಂಬತ್ತೂವರೆ ಕ್ವಿಂಟಲ್ ಬರುತ್ತದೆ. ವ್ಯತ್ಯಾಸವಿರುವುದು ದಿನಗಳಲ್ಲಿ. ಎಂಟು ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದು ಒಟ್ಟಿಗೇ ಬಿರಿಯುತ್ತವೆ, ತೇವ ಆರುವ ಮೊದಲೇ, ಕೊರಕದ ಸಂತಾನ ಹೆಚ್ಚುವ ಮೊದಲೇ ಹೊಲ ಖಾಲಿಯಾಗುತ್ತದೆ. ಮೇಳಗಳಲ್ಲಿ ನೂರು ಕಾಯಿಯ ಗಿಡ ಕಿತ್ತು ತಂದು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಈಗೀಗ ಸಿಟ್ಟು ಬರುತ್ತದೆ. ರೈತ ತೂಗುವುದು ಗಿಡವನ್ನಲ್ಲ.

ಯಂತ್ರಗಳ ಮಾತೂ ಇದಕ್ಕೇ ಬಂದು ಸೇರುತ್ತದೆ. ಬಿಡಿಸುವ ಯಂತ್ರಕ್ಕೆ ಒಂದೇ ಎತ್ತರದ, ಒಮ್ಮೆಗೇ ಬಿರಿಯುವ ಗಿಡ ಬೇಕು. ಪೊದೆಯಂಥ ಹೈಬ್ರಿಡ್ಡಿನಲ್ಲಿ ಅದು ತೊಡರುತ್ತದೆ. ಗಿಡದ ಎತ್ತರ ತಡೆಯುವುದಕ್ಕೆ ಮೆಪಿಕ್ವಾಟ್ ಕ್ಲೋರೈಡ್ ಸಿಂಪಡಿಸುತ್ತಾರೆಂದು ನೀನೇ ಬರೆದಿದ್ದೆ. ಗಿಡದ ಸ್ವಭಾವವೇ ಹಾಗಿದ್ದರೆ ಆ ಖರ್ಚೂ ಉಳಿಯುವುದಲ್ಲವೇ? ಹನಿ ನೀರಾವರಿ, ಕಾಯಿಕೊರಕದ ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಎರಡೂ ಒಳ್ಳೆಯವು. ಬಲೆಯನ್ನಂತೂ ಈ ಸಲ ದೊಡ್ಡಪ್ಪನ ಹೊಲದಲ್ಲಿ ನೀನೇ ಹೋಗಿ ಕಟ್ಟು: ಸತತ ಮೂರು ರಾತ್ರಿ, ಪ್ರತಿ ರಾತ್ರಿಯೂ ಬಲೆಯೊಂದಕ್ಕೆ ಎಂಟು ಪತಂಗ ಬಿದ್ದರೆ ಮಾತ್ರ ಔಷಧಿ ಎಂಬ ಲೆಕ್ಕವನ್ನು ಅವನಿಗೆ ತಿಳಿಸಿ ಹೇಳು. ನಾನು ಹೇಳಿದರೆ ಕೇಳುವವನಲ್ಲ, ಕೇಳದಿರುವುದು ನ್ಯಾಯವೂ ಹೌದು.

ಆದ್ದರಿಂದ ಗಿಡ್ಡ ಗಿಡವನ್ನೇ ಆರಿಸಿಕೋ ಎನ್ನುತ್ತೇನೆ. ಒಂದೇ ಎಚ್ಚರಿಕೆ: ಬೇಗ ಮುಗಿಯುವ ಗಿಡಗಳಲ್ಲಿ ಎಳೆಯ ಉದ್ದವನ್ನೂ ಬಲವನ್ನೂ ಬಿಟ್ಟುಕೊಟ್ಟರೆ ಗಿರಣಿಯವನು ದರ ಇಳಿಸುತ್ತಾನೆ, ಇಳುವರಿಯಲ್ಲಿ ಗಳಿಸಿದ್ದು ಅಲ್ಲಿ ಹೋಗುತ್ತದೆ. ಸಂಕ್ರಾಂತಿಗೆ ಬರುವಾಗ ನಿನ್ನ ಸಾಲುಗಳ ಹತ್ತಿಯನ್ನು ಬೇರೆ ಬೇರೆ ಚೀಲದಲ್ಲಿ ತಾ. ಪ್ರತಿಯೊಂದರ ಮೇಲೂ ಹೂ ಬಿಟ್ಟ ದಿನ, ಕಾಯಿ ಬಿರಿದ ದಿನ ಬರೆದಿರಲಿ. 1924ರಿಂದ ಇದೇ ಕೆಲಸದಲ್ಲಿರುವ ಹತ್ತಿ ತಂತ್ರಜ್ಞಾನ ಸಂಸ್ಥೆ ಇಲ್ಲೇ ಮಾಟುಂಗಾದಲ್ಲಿದೆ, ಯಂತ್ರದ ಪರೀಕ್ಷೆಗೆ ಅಲ್ಲಿ ವಿಚಾರಿಸೋಣ. ಅದಕ್ಕೆ ಮೊದಲು ನನ್ನ ಬೆರಳಿಗೆ ಕೊಡು. ಎಳೆ ಎಷ್ಟು ಮಿಲಿಮೀಟರ್ ಎಂದು ನಾನು ಒಂದು ಚೀಟಿಯಲ್ಲಿ ಬರೆದು ನಿಮ್ಮಮ್ಮನ ಕೈಗೆ ಕೊಟ್ಟಿರುತ್ತೇನೆ.

ನಿನ್ನ
ಅಪ್ಪ