ಹಸಿ ನೋಡಿ ಕೂರಿಗೆ ಹೂಡು

ಚಿರಂಜೀವಿ ತಮ್ಮನ ಮಗನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಭರಣಿ ಮಳೆ ಕೈಕೊಟ್ಟಿದ್ದರೂ ಪಕ್ಕದ ಹೊಲದವರು ಒಂದೇ ಅಡ್ಡಮಳೆಗೆ ಗೋವಿನಜೋಳ ಬಿತ್ತಿ ಮುಗಿಸಿದರೆಂದೂ, ನೀನೂ ಕೂರಿಗೆಯವರಿಗೆ ಹೇಳಬೇಕೇ ಎಂದೂ ಮೊನ್ನೆ ಫೋನಿನಲ್ಲಿ ಕೇಳಿದೆ. ಗಡಿಬಿಡಿಯಲ್ಲಿ ಉತ್ತರ ಕೊಡುವ ವಿಷಯವಲ್ಲವಾದ್ದರಿಂದ ಬರೆದೇ ಕಳಿಸುತ್ತಿದ್ದೇನೆ. ಹೊಲ ನಿನ್ನ ಕೈಗೆ ಬಂದ ಮೊದಲ ಮುಂಗಾರು ಇದು.

ಮುಂಚೆ ಬಿತ್ತುವುದನ್ನು ನಾನು ಬೇಡವೆನ್ನುವುದಿಲ್ಲ. 2018ರಲ್ಲಿ ಶಿವಮೊಗ್ಗದ ಕಡೆ ಕಾಣಿಸಿಕೊಂಡ, ಗೋವಿನಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಊರೆಲ್ಲ ಬಿತ್ತಿದ ಮೇಲೆ ಹಿಂದೆ ಉಳಿದು ಬಿತ್ತಿದವನ ಎಳೆಯ ಸುಳಿಗೇ ಅದರ ಕಾಟ ಹೆಚ್ಚು. ಆದರೆ ಒಣ ವರ್ಷದಲ್ಲಿ ಮುಂಚೆ ಆಗಬೇಕಾದದ್ದು ಹೊಲದ ಕೆಲಸ. ಬೀಜ ಹಸಿಗಾಗಿ ಕಾಯಬೇಕು.

2023ರ ಜೂನ್ ತಿಂಗಳಿನಲ್ಲಿ ನಾನು ಮಾಡಿದ ತಪ್ಪನ್ನು ನಿನಗೆ ಹೇಳಿರಲಿಲ್ಲ. ಒಂದು ಸಂಜೆ ಮಳೆ ಬಂದು ಮೇಲಿನ ಎರಡು ಬೆರಳಷ್ಟು ಮಣ್ಣು ತೊಯ್ದಿತು, ಮರುದಿನವೇ ಬಿತ್ತಿಸಿದೆ. ಬೀಜ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಹೀರಿಕೊಂಡು ಮೊಳಕೆ ಬಿಟ್ಟಿತು, ಆದರೆ ಬೇರು ಕೆಳಗಿಳಿದಾಗ ಅಲ್ಲಿ ಒಣ ಹೆಂಟೆಯಲ್ಲದೆ ಬೇರೇನೂ ಇರಲಿಲ್ಲ. ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು ನಿಜ. ಆದರೂ ಮೊದಲ ಸಲದ ಬೀಜವನ್ನು ಬರದ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಿಲ್ಲ. ನಾಲ್ಕು ದಿನ ತಡೆದಿದ್ದರೆ ಚೀಲಗಳಾದರೂ ಮನೆಯಲ್ಲಿ ಉಳಿಯುತ್ತಿದ್ದವು.

ಆದ್ದರಿಂದ ಮಳೆ ಬಂದ ಮರುದಿನ ಹೊಲದ ನಾಲ್ಕು ಕಡೆ ಗುದ್ದಲಿಯಿಂದ ಒಂದು ಗೇಣು ಅಗೆದು ನೋಡು. ಆ ಆಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದಾಗ ಉಂಡೆಯಾಗಿ ನಿಂತು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಒತ್ತಿದರೂ ಪುಡಿಯಾಗಿಯೇ ಉದುರಿದರೆ ಬಿತ್ತಬೇಡ. ಕೈಗೆ ಅಂಟಿಕೊಂಡರೆ ಇನ್ನೂ ಹದ ಬಂದಿಲ್ಲವೆಂದು ತಿಳಿ, ವಿಶೇಷವಾಗಿ ಕೆಳಗಿನ ಕಪ್ಪು ಮಣ್ಣಿನ ಎರಿ ಹೊಲದಲ್ಲಿ.

ಇನ್ನು ಹೊಲದ ತಯಾರಿ. ಮಾಗಿ ಉಳುಮೆಯನ್ನು ನಿಮ್ಮಪ್ಪ ಮಾಡಿಸಿದ್ದರಿಂದ ಮತ್ತೆ ಆಳವಾಗಿ ಉಳುವುದು ಬೇಡ. ಬೇಸಿಗೆಯಲ್ಲಿ ಮಣ್ಣನ್ನು ಪ್ರತಿ ಸಲ ಮೇಲೆ ಕೆಳಗೆ ಮಾಡಿದಾಗಲೂ ಒಳಗಿದ್ದ ಹಸಿ ಗಾಳಿಗೆ ಹೋಗುತ್ತದೆ. ಕೊಟ್ಟಿಗೆ ಗೊಬ್ಬರವನ್ನು ಈಗಲೇ ಹರಡಿ, ಇಳಿಜಾರಿಗೆ ಅಡ್ಡಲಾಗಿ ಒಂದು ಸಲ ಕುಂಟೆ ಹೊಡೆಸು. ರೋಟಾವೇಟರ್ ಬಾಡಿಗೆಗೆ ಸಿಗುತ್ತದೆಂದು ಎರಡು ಮೂರು ಸಲ ಓಡಿಸುವವರನ್ನು ನೋಡಿ ಮರುಳಾಗಬೇಡ. ಹಿಟ್ಟಿನಂತಾದ ಮಸಾರಿ, ಅಂದರೆ ಕೆಂಪು ಮಣ್ಣು ಒಂದು ಬಿರುಮಳೆಗೆ ಮೇಲೆ ಹೆಪ್ಪುಗಟ್ಟಿ ರೊಟ್ಟಿಯಂತಾಗುತ್ತದೆ, ಅದನ್ನು ಸೀಳಿಕೊಂಡು ಬರಲಾರದೆ ಮೊಳಕೆ ಒಳಗೇ ಸುರುಳಿ ಸುತ್ತುತ್ತದೆ. ಮೇಲೆ ಕಡಲೆಗಾತ್ರದ ಹರಳು ಮಣ್ಣು, ಬೀಜ ಕೂರುವಲ್ಲಿ ಮೆತ್ತಗಿನ ಹಸಿ ಮಣ್ಣು, ಅದರ ಕೆಳಗೆ ಸ್ವಲ್ಪ ಗಟ್ಟಿ ನೆಲ: ಇಷ್ಟಿದ್ದರೆ ಸಾಕು. ಮಳೆಯಾಗಿ ಹದ ಬಂದ ಮೇಲೆ ಒಂದೇ ಒಂದು ಸಲ ತೆಳುವಾಗಿ ಹರಗಿಸಿ, ಅದೇ ದಿನ ಬಿತ್ತು.

ಕೂರಿಗೆಯವನು ಆತುರದಲ್ಲಿರುತ್ತಾನೆ, ಅವನಿಗೆ ಇನ್ನೂ ಹತ್ತು ಹೊಲಗಳಿರುತ್ತವೆ. ಆದರೂ ಮೊದಲ ಸಾಲನ್ನು ಹಾಕಿದ ಕೂಡಲೇ ಟ್ರ್ಯಾಕ್ಟರ್ ನಿಲ್ಲಿಸಿ, ಸಾಲನ್ನು ಕೆದಕಿ ನೋಡು. ಬೀಜ ಎರಡು ಅಂಗುಲ ಆಳದಲ್ಲಿ, ಹಸಿ ಮಣ್ಣಿನ ಮೇಲೆ ಕೂತಿರಬೇಕು. ಒಂದು ಅಂಗುಲದಲ್ಲಿದ್ದರೆ ಬಿಸಿಲಿಗೂ ನವಿಲಿಗೂ ಆಹಾರ. ಸಾಲಿನಿಂದ ಸಾಲಿಗೆ ಎರಡು ಅಡಿ, ಬೀಜದಿಂದ ಬೀಜಕ್ಕೆ ಎಂಟು ಅಂಗುಲವಿದ್ದರೆ ಎಕರೆಗೆ ಸುಮಾರು 33,000 ಗಿಡಗಳಾಗುತ್ತವೆ. ಮೇಲಿನ ಮಸಾರಿ ಹೊಲದಲ್ಲಿ ಈ ವರ್ಷ ಅಷ್ಟು ಬೇಡ, ಬೀಜದಿಂದ ಬೀಜಕ್ಕೆ ಒಂದು ಅಡಿ ಅಂತರ ಕೊಡು. ಇರುವ ನೀರನ್ನು ಕಡಿಮೆ ಗಿಡಗಳು ಹಂಚಿಕೊಂಡರೆ ತೆನೆಯಾದರೂ ತುಂಬುತ್ತದೆ. ಆರು ಸಾಲಿಗೊಂದು ಸಾಲು ತೊಗರಿ ಅಕ್ಕಡಿಯಾಗಿ, ಅಂದರೆ ನಡುಬೆಳೆಯಾಗಿ ಇರಲಿ.

ಗೊಬ್ಬರದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹಸಿ ಕಡಿಮೆಯಿರುವಾಗ ಡಿಎಪಿ ಬೀಜಕ್ಕೆ ತಾಗಿದರೆ ಅದರ ಉಪ್ಪಿನಂಶ ಮೊಳಕೆಯನ್ನು ಸುಡುತ್ತದೆ, ಯೂರಿಯಾ ಅಂತೂ ಇನ್ನೂ ಕೆಟ್ಟದ್ದು. ಗೊಬ್ಬರದ ಕೊಳವೆ ಬೀಜದ ಸಾಲಿನಿಂದ ಎರಡು ಅಂಗುಲ ಪಕ್ಕಕ್ಕೆ, ಸ್ವಲ್ಪ ಕೆಳಗೆ ಇಳಿಯುವಂತೆ ಕಟ್ಟಿಸು. ಯೂರಿಯಾವನ್ನು ಪೈರು ಮೊಣಕಾಲೆತ್ತರ ಬಂದಾಗ, ಮಳೆ ನೋಡಿ ಕೊಟ್ಟರಾಯಿತು. ಬಿತ್ತಿದ ಕೂಡಲೇ ಹೊಡೆಯುವ ಕಳೆನಾಶಕವೂ ಒಣ ನೆಲದ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಸಾಲುಗಳ ನಡುವೆ ಹೊಡೆಯುವ ಎಡೆಕುಂಟೆಯನ್ನೇ ನಂಬು.

ರೋಹಿಣಿ ಮಳೆ ಮೇ 25ರ ಸುಮಾರಿಗೆ ಹುಟ್ಟುತ್ತದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ, ಆದರೆ ಅವರು ಬಂದರೆ ಎಂದಿದ್ದಾರೆ. ರೋಹಿಣಿ ಬರಿದಾದರೆ ಅದರ ನಂತರದ ಮಿರಗದ (ಮೃಗಶಿರ) ಮಳೆಯವರೆಗೆ ಕಾದರೂ ಕಾಲ ಮೀರುವುದಿಲ್ಲ. ಪಕ್ಕದವರ ಹೊಲ ಹಸಿರಾಗಿದ್ದನ್ನು ನೋಡಿ ನಿಮ್ಮವ್ವ ಏನಾದರೂ ಅಂದರೆ ದೊಡ್ಡಪ್ಪ ತಡೆದಿದ್ದಾನೆಂದು ಹೇಳಿಬಿಡು, ಬೈಗುಳ ನನಗೆ ಬರಲಿ.

ಮುಂದಿನ ಸೋಮವಾರ ನಾನೇ ಬರುತ್ತೇನೆ. ಅಟ್ಟದ ಮೇಲಿರುವ ನಿಮ್ಮಜ್ಜನ ಹಳೆಯ ಕುಂಟೆಯ ಕಬ್ಬಿಣದ ಕುಡವನ್ನು ಇಳಿಸಿ, ಕಮ್ಮಾರನ ಹತ್ತಿರ ಹಣಿಸಿಟ್ಟಿರು.

ನಿನ್ನ ದೊಡ್ಡಪ್ಪ